ಇನ್ನೊಂದು ಮೊಳ

ಸಿದ್ದಾಪುರದ ಸಂತೆಯ ಹಿಂದೆ, ಉಸ್ಮಾನಿಕ್ಕನ ಮೀನಂಗಡಿಗೆ ಅಂಟಿಕೊಂಡು
ನನ್ನದೊಂದು ಹೊಲಿಗೆ ಮಿಷನ್ನು.
ಇಪ್ಪತ್ತೆರಡು ವರ್ಷ ಮನುಷ್ಯರ ಅಳತೆ ತೆಗೆದಿದ್ದೇನೆ.
ಕುಪ್ಯಕ್ಕೆ, ರವಿಕೆಗೆ, ಶಾಲೆಯ ನೀಲಿ ಲಂಗಕ್ಕೆ.
ಯಾರ ಎಡಹೆಗಲು ಇಳಿದಿದೆ,
ಯಾರು ಹೊಟ್ಟೆ ಒಳಗೆಳೆದು ಟೇಪಿಗೆ ಸುಳ್ಳು ಹೇಳುತ್ತಾರೆ,
ಎಲ್ಲ ಗೊತ್ತು.
ಮೈ ಅಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೂ ರಾತ್ರಿ ಬಾಗಿಲೆಳೆದು
ನನ್ನದೇ ಅಳತೆಗೆ ನಿಂತರೆ
ಬೆನ್ನಹುರಿ ಮುಗಿದಲ್ಲಿ ಟೇಪು ನಿಲ್ಲುವುದಿಲ್ಲ.
ಇನ್ನೊಂದು ಮೊಳ ಇದೆ ಅಲ್ಲಿ.
ಬುಡ ದಪ್ಪ, ತುದಿ ಸಣ್ಣ,
ಒದ್ದೆ.
ಬಸ್ಸಿನಲ್ಲಿ ಕೂರುವಾಗ ಮೆಲ್ಲಗೆ
ಅದನ್ನು ಒಂದು ಪಕ್ಕಕ್ಕೆ ಸರಿಸಿ ಕೂರುತ್ತೇನೆ.

ಮೂರನೇ ಕ್ಲಾಸು. ಮೇಷ್ಟ್ರು ಗೋಡೆಯ ಪಟಕ್ಕೆ ಕೋಲು ಮುಟ್ಟಿಸಿ
'ಇದೇನು?' ಅಂದರು.
'ನೀರುನಾಯಿ' ಅಂದರು ಎಲ್ಲ ಒಟ್ಟಿಗೆ.
ನಾನು ಎದ್ದು ನಿಂತು 'ಹಾಜರ್ ಸಾರ್' ಅಂದೆ.
ಆ ನಗು ಇವತ್ತಿಗೂ ಊರಲ್ಲಿ ಅಲ್ಲಲ್ಲಿ ಉಳಿದಿದೆ,
ಮದುವೆ ಮನೆಯಲ್ಲಿ ಯಾರಾದರೂ ತೆಗೆದು ಬಡಿಸುತ್ತಾರೆ.

ತಂಗಿ ಲತಿಕಾ ಹೇಳುತ್ತಾಳೆ, ಹಿಂದಿನ ಜನ್ಮದ್ದಿರಬೇಕು.
ಹಿಂದಿನದಲ್ಲ ಕಣೇ.
ಇದೇ ಜನ್ಮದ್ದು, ಈ ಮಂಗಳವಾರದ್ದು.
ಮೈಮೇಲೆ ಬಂದದ್ದೂ ಅಲ್ಲ.
ತೆರೆ ಕಟ್ಟಿದವರನ್ನು ನೋಡಿಲ್ಲವೇ ನಾನು?
ಬಣ್ಣ ಹಚ್ಚಿದಾಗ ಬರುತ್ತದೆ, ಬೆಳಗಾದರೆ ಇಳಿಯುತ್ತದೆ,
ಆಮೇಲೆ ಬೀಡಿ ಸೇದುತ್ತಾ ಕೂತಿರುತ್ತಾರೆ.
ನನ್ನದು ಇಳಿಯುವುದಿಲ್ಲ.
ಹತ್ತಿದ್ದರೆ ತಾನೆ?

ಗಂಡ ಶಿವದಾಸನಿಗೆ ಏನೂ ಹೇಳಿಲ್ಲ.
ತೋಟಕ್ಕೆ ಆಳು ಸಾಗಿಸುವ ಜೀಪು ಅವನದು, ರಾತ್ರಿ ಸುಸ್ತು.
ಆದರೆ ಮೀನಿನ ತಲೆಯನ್ನು ಯಾವತ್ತೂ
ಕೇಳದೆಯೇ ನನ್ನ ತಟ್ಟೆಗೆ ದಾಟಿಸುತ್ತಾನೆ.
ಅಷ್ಟು ತಿಳುವಳಿಕೆ ಒಂದು ಸಂಸಾರಕ್ಕೆ ಸಾಕು.

ಒಂದು ಮಾತು ಮಾತ್ರ ಹೇಳಲು ಕಷ್ಟ.
ಕಕ್ಕಡ ಕಳೆದು, ಹೊಳೆ ಮನೆಯೊಳಗೆ ಬಂದ ವರ್ಷ.
ಕರಡಿಗೋಡಿನ ಕೆಳಗಿನ ಸಾಲು ಪೂರ್ತಿ ಮುಳುಗಿ
ಶಾಲೆಯ ಬೆಂಚುಗಳ ಮೇಲೆ ನಾವೆಲ್ಲ ಮಲಗಿದ್ದೆವು.
ಪಕ್ಕದಲ್ಲಿ ಜಾನಕಿಯಮ್ಮ ತನ್ನ ಕೋಳಿಗಳ ಹೆಸರು ಹಿಡಿದು ಅಳುತ್ತಿದ್ದಳು.
ನನ್ನ ಮಿಷನ್ನೂ ಹೋಗಿತ್ತು, ಸಾಲ ತೀರದ ಮಿಷನ್ನು.
ಕಿಟಕಿಯಾಚೆ ಕೆಂಪು ನೀರು
ಕತ್ತಲಲ್ಲಿ ಮೈ ಮುರಿಯುವ ಸದ್ದು.
ಹಿಗ್ಗಿದೆ.
ನಿಜ ಹೇಳಬೇಕೆಂದರೆ ಹಿಗ್ಗಿದೆ ನಾನು,
ಕರೆಯಲು ಯಾರೋ ಬಾಗಿಲವರೆಗೆ ಬಂದ ಹಾಗೆ.
ಜಾನಕಿಯಮ್ಮನ ಮುಖ ನೋಡಲು ಈಗಲೂ ಆಗುವುದಿಲ್ಲ.

ಪುತ್ತರಿ ಮುಗಿದ ವಾರ ಉಸ್ಮಾನಿಕ್ಕ ಬಲೆ ತಂದು ಹಾಕಿದ.
'ದರಿದ್ರ ನೀರುನಾಯಿಗಳು, ನೋಡು ಹೇಗೆ ಹರಿದಿವೆ,
ನಿನ್ನ ಕೈಯಲ್ಲಿ ಆದರೆ ಹೊಲಿದು ಕೊಡು.'
ಹರಿದ ಅಂಚನ್ನು ಮೂಗಿಗೆ ಹಿಡಿದೆ.
ಏಡಿ, ಕೆಸರು, ಹಳೆಯ ಮೀನು,
ಅದರ ಕೆಳಗೆ ಇನ್ನೊಂದು.
ಮೂವತ್ತೆಂಟು ವರ್ಷ ಯಾರೂ ಬರೆಯದ ಕಾಗದ.

ಬೆಳಿಗ್ಗೆ ಮಂಜಿನಲ್ಲಿ ಇಳಿದೆ.
ಬಂಡೆ ಮೇಲೆ ಐದು.
ಒಂದು ಇನ್ನೊಂದರ ಕಿವಿ ಕಚ್ಚುತ್ತಿತ್ತು, ಮರಿ ಹೊರಳುತ್ತಿತ್ತು.
ಚಪ್ಪಲಿ ಬಿಟ್ಟೆ. ಉಸಿರು ಬಿಟ್ಟೆ.
ನೀರು ಮಂಡಿಗೆ ಬಂತು.
ದೊಡ್ಡದು ತಲೆ ಎತ್ತಿ ನೇರ ನನ್ನನ್ನೇ ನೋಡಿತು
ಮತ್ತು ಸಿಳ್ಳೆ ಹಾಕಿತು.
ಆ ಸಿಳ್ಳೆಯ ಅರ್ಥ ನನಗೆ ಗೊತ್ತಿತ್ತು.
ಅದೇ ತೊಂದರೆ, ಗೊತ್ತಿತ್ತು.
'ಮನುಷ್ಯ.'

ಬಂಡೆ ಖಾಲಿ. ಒದ್ದೆ ಗುರುತು ಒಣಗುವ ತನಕ ನಿಂತಿದ್ದೆ.
ಸೀರೆ ಹಿಂಡಿಕೊಂಡು ಬಂದು ಅಂಗಡಿ ತೆರೆದೆ,
ದೇಚಮ್ಮನವರ ರವಿಕೆಗೆ ಕೊಕ್ಕೆ ಇಟ್ಟೆ.

ಬಲೆ ಹೊಲಿಯಲು ನಾಲ್ಕು ದಿನ ಹಿಡಿಯಿತು.
ಉಸ್ಮಾನಿಕ್ಕ ಬಿಸಿಲಿಗೆ ಹರಡಿ ನೋಡಿದ,
ಬೆರಳಾಡಿಸಿ ಮೂಲೆಯಲ್ಲಿ ನಿಂತ.
'ಇಲ್ಲೊಂದು ತೂತು ಉಳಿದಿದೆಯಲ್ಲ,
ಒಂದು ಆಳೇ ನುಸುಳಬಹುದು.'
ಹೌದು ಅಂದೆ.
ಅಳತೆ ತೆಗೆದೇ ಬಿಟ್ಟಿದ್ದು.