ಹದಿನಾಲ್ಕನೇ ಬೆಡ್ಡಿನ ಕಡೆಯವರಿಗೆ

ಊಟಕ್ಕೆ ಎಲ್ಲಿ ಹೋಗ್ಲಿ ಅಂತ ಕೇಳಿದ್ರಿ.
ನಾನು ಹಾಲಮ್ಮ, ಈ ವಾರ್ಡಿನ ನೆಲ ಒರೆಸೋಳು.
ಡಾಕ್ಟರನ್ನ ಕೇಳಬೇಕಾದ್ದು ನನ್ನ ಕೇಳ್ತಾರೆ ಜನ,
ನನ್ನ ಕೇಳಬೇಕಾದ್ದು ಯಾರನ್ನೂ ಕೇಳದೆ
ಬೆಂಚಿನ ಮೇಲೆ ಉಪವಾಸ ಕೂರ್ತಾರೆ.
ನೀವು ಸರಿಯಾದೋರನ್ನೇ ಕೇಳಿದ್ರಿ.

ಕೆಳಗಿನ ಕ್ಯಾಂಟೀನು ಬೇಡ.
ಅಲ್ಲಿ ಸಾರಿಗೂ ಚಾಕ್ಕೂ ಒಂದೇ ಬಣ್ಣ,
ಉಪ್ಪಿಟ್ಟಿನಾಗೆ ಫಿನಾಯಿಲ್ ವಾಸನೆ.
ಅದು ನನ್ನ ಬಕೀಟಿಂದೇ ಇರಬೋದು, ಬಿಡ್ರಿ.

ಗೇಟು ದಾಟಿ ಎಡಕ್ಕೆ ತಿರುಗ್ರಿ.
ಔಷಧಿ ಅಂಗಡಿ ಏಳು ಎಣಿಸ್ರಿ,
ಎಂಟನೇದರ ಮಗ್ಗುಲಿಗೆ ಒಂದು ಸಂದಿ ಐತೆ,
ಸೈಕಲ್ಲು ಬಂದ್ರೆ ಮನುಷ್ಯ ಗೋಡೆಗೆ ಅಂಟಬೇಕು, ಅಷ್ಟಗಲ.
ಬೋರ್ಡು ಹುಡುಕಬೇಡ್ರಿ.
ಲಾರಿ ಮೇಲೆ ಹೋಗೋ ನನ್ನ ತಮ್ಮ ಹೇಳ್ತಿರ್ತಾನೆ:
'ಅಕ್ಕಾ, ರಾಜಧಾನ್ಯಾಗೆ ಗಲ್ಲಿಗೊಂದು ಕಡೆ
ದೋಸೆಗೆ ನಮ್ಮೂರ ಹೆಸರು ಬರೆದು ತೂಗಾಕ್ಯಾರೆ,
ದೀಪ ಬೇರೆ ಮಿಣಮಿಣ.'
ಇಲ್ಲಿ ಕೊಟ್ರಯ್ಯಗೆ ಹೊಗೆನೇ ಬೋರ್ಡು.
ಕಣ್ಣು ಉರಿದ ಕಡೆ ನಿಂತ್ಕಳ್ರಿ, ಅದೇ ಹೋಟ್ಲು.

ಗ್ಯಾಸಲ್ಲ, ಕಟ್ಟಿಗೆ ಒಲೆ.
ಹಂಚಿನ ಮೇಲೆ ನೀರು ಚಿಮುಕಿಸಿದ್ರೆ ಚೊಯ್ ಅಂತದೆ,
ಆಮೇಲೆ ಬೆಣ್ಣೆ.
ಎಷ್ಟು ಅಂತ ಅವನು ನಿಮ್ಮನ್ನ ಕೇಳಲ್ಲ.
ಪಲ್ಯಕ್ಕೆ ಅರಿಶಿನ ಬೀಳಲ್ಲ, ಜ್ವರ ಬಿಟ್ಟೆದ್ದೋರ ಮುಖದಂಗೆ
ಬಿಳಿಚಿಕೊಂಡಿರ್ತದೆ ಆಲೂಗಡ್ಡೆ.
ಚಟ್ನಿ ನೀರು ನೀರು. ಜಿಪುಣತನ ಅಂದ್ಕಬೇಡ್ರಿ,
ಬೆಣ್ಣೆಗೆ ಎದುರು ನಿಲ್ಲಬಾರದು ಅಂತ ತಗ್ಗಿ ನಡಿತದೆ ಅದು.

ಸಂಜೆ ಹೊತ್ತು, ಡಾಕ್ಟರ ರೌಂಡು ಮುಗಿದ ಮೇಲೆ,
ಖಾಜಾಪೀರನ ಗಾಡಿ ಗೇಟಿಗೆ ಬರ್ತದೆ.
ಮಂಡಕ್ಕಿ ಭಟ್ಟಿಯಾಗೆ ಹುಟ್ಟಿ ಬೆಳೆದ ಹುಡುಗ,
ಹುಬ್ಬಿನಾಗೆ ಮಸಿ ಹೋಗಿಲ್ಲ ಇನ್ನೂ,
ಮಂಡಕ್ಕಿ ಮಾತ್ರ ಮಲ್ಲಿಗೆ.
ಮೆಣಸಿನಕಾಯಿ ಎರಡು ಸಾಕು. ಮೂರನೇದು ಪೌರುಷ.
ರಿಪೋರ್ಟು ಬರೋ ದಿನ ಮಾತ್ರ ಮೂರು ತಿನ್ನಿರಿ,
ಕಣ್ಣಾಗೆ ನೀರು ಬಂದ್ರೆ ಕಾರಣ ಯಾರೂ ಕೇಳಲ್ಲ.

ರಾತ್ರಿಗೆ ದೇವೀರಮ್ಮನ ಖಾನಾವಳಿ, ರೈಲ್ವೆ ಗೇಟಿನ ಈಚೆ.
ಬಿಸಿ ರೊಟ್ಟಿ, ಹೆಸರುಕಾಳು, ಶೇಂಗಾ ಚಟ್ನಿ, ಗಟ್ಟಿ ಮೊಸರು.
ಎರಡು ರೊಟ್ಟಿಗೆ ಕೈ ತೊಳೆದ್ರೆ ಬೈತಾಳೆ.
ಪೇಷಂಟ್ ಯಾರು ಅಂತಾಳೆ, ಹೇಳ್ರಿ.
ಅಲ್ಲಿ ಕೂತು ಅಳಬೇಡ್ರಿ ಮಾತ್ರ.
ಅತ್ತೋರ ಹತ್ರ ದುಡ್ಡು ತಗೊಳ್ಳಲ್ಲ ಅವಳು,
ಪಾಪ, ಅವಳೂ ಬದುಕಬೇಕಲ್ರಿ.

ನಾನಾ? ನಾನು ಡಬ್ಬಿ ತರ್ತೀನಿ.
ಇಪ್ಪತ್ತೊಂದು ವರ್ಷದಿಂದ ಈ ದಾರಿ ಹೇಳ್ತಿದೀನಿ,
ಬೆಣ್ಣೆ ನನಗೆ ಆಗಿ ಬರಲ್ಲ.

ಇನ್ನೊಂದು ಮಾತು.
ಉಂಡು ಬಂದೋರೆಲ್ಲ ಆ ಮೆಟ್ಟಿಲ ತಿರುವಿನಾಗೆ ನಿಂತು
ಬಾಯಿ ಒರೆಸ್ಕೊಳ್ತಾರೆ, ಕದ್ದು ತಿಂದೋರಂಗೆ.
ಸೋಪು ಹಚ್ಚಿ ಮೂರು ಮೂರು ಸಲ ಕೈ ತಿಕ್ತಾರೆ.
ಒಳಗೆ ಬಂದು, 'ಏನೋ ಒಂದಿಷ್ಟು ತಿಂದೆ' ಅಂತಾರೆ.
ಹಂಗೆ ಮಾಡಬೇಡ್ರಿ.

ನಿಮ್ಮ ಮನೆಯೋರು ನಿನ್ನೆ ರಾತ್ರಿ ಎರಡು ಗಂಟೆಗೆ
ನನ್ನ ಸೆರಗು ಹಿಡಿದು ಕೇಳಿದ್ದು ನೋವಿನ ಮಾತಲ್ಲ.
'ಅವರು ಉಂಡರಾ?'
ನನಗೆ ಗೊತ್ತಿರಲಿಲ್ಲ. ಉಂಡರು ಅಂದೆ.
'ಏನು ಉಂಡರು?' ಅಂದ್ರು. ನಾನು ಬಕೀಟು ಎತ್ತಿಕೊಂಡೆ.

ಅದಕ್ಕೆ, ಬಂದು ಕೂತ್ಕೊಂಡು ಸರಿಯಾಗಿ ಹೇಳ್ರಿ:
ಎಷ್ಟು ದೋಸೆ, ಅಂಚು ಎಷ್ಟು ಕೆಂಪಿತ್ತು,
ಬೆಣ್ಣೆ ಕರಗೋಕೆ ಮುಂಚೆ ತಿಂದ್ರೋ ಆಮೇಲೋ,
ಪಕ್ಕದಾಗೆ ಕೂತೋನು ಪಲ್ಯ ಎಷ್ಟು ಸಲ ಹಾಕಿಸ್ಕೊಂಡ.
ಬೆರಳು ಮೂಗಿನ ಹತ್ರ ಹಿಡಿದ್ರೂ ಹಿಡೀರಿ,
ಸಿಸ್ಟರ್ ಆ ಕಡೆ ತಿರುಗಿದಾಗ.
ಬಾಯಿಗೆ ಏನೂ ಕೊಡಬಾರದು ಅಂತ ಚೀಟಿ ಅಂಟಿಸ್ಯಾರೆ.
ಕಿವಿಗೆ ಕೊಡಬಾರದು ಅಂತ ಯಾರೂ ಬರೆದಿಲ್ಲ.

ಹೋಗ್ರಿ, ಹತ್ತೂವರೆ ಮೇಲೆ ಅವನ ಹಿಟ್ಟು ಖಾಲಿ.
ಹುಷಾರು,
ಗೋಡೆ ಕಡೆಯಿಂದ ನಡೀರಿ.
ನೆಲ ಇನ್ನೂ ಒದ್ದೆ ಐತೆ.