ಎಡಚಿ ಹಾಕಿದ ಪಟ್ಟಿ

ಗೋವಾದಿಂದ ಬಂದ ಇಮಾನ ಅಂತ ಯಾರೂ ಹೇಳೂದು ಬ್ಯಾಡ,
ಬಗ್ಗಿ ಕಸಬರಿಗಿ ಆಡಿಸಿದರ ತಿಳೀತೈತಿ.
ನಾಗಪುರದ್ದರಾಗ ಕಿತ್ತಳಿ ಸಿಪ್ಪಿ,
ದಿಲ್ಲೀದರಾಗ ಪೇಪರು,
ಇದರಾಗ ಸೀಟಿನ ಬುಡಕ ಉಸುಕು,
ಹಸಿ ಚಡ್ಡಿ ನಾತ.

ಬಾಗಲ ತೆರೆದು ಮುಚ್ಚೂತನಾ ಹದಿನೆಂಟು ನಿಮಿಷ.
ನಾಕು ಮಂದಿ, ನೂರಾ ಎಂಬತ್ತಾರು ಸೀಟು.
ಕಸ ತುಂಬು, ತಟ್ಟಿ ಒರಸು,
ಪಟ್ಟಿಯ ಎರಡೂ ತುದಿ
ಗುಣಾಕಾರದ ಗುರ್ತಿನಂಗ ಸೀಟಿನ ಮ್ಯಾಗ ಅಡ್ಡ ಹಾಕು, ಇಳಿ.
ಎಲ್ಲಾರೂ ಎಡದ ಮ್ಯಾಗ ಬಲ ಹಾಕತಾರ.
ಕೈ ತಾನ ಹಂಗ ಹೋಗತೈತಿ.

ಮಂದಿ ಹತ್ತಿದ ಕೂಡ್ಲೆ ಬಿಚ್ಚಿ ಕುಂಡ್ರತಾರ.
ಖಾಲಿ ಸೀಟಿಂದಷ್ಟ ಹಂಗ ಉಳದು ಬರತೈತಿ,
ಹಾಕಿದಾಕಿ ಕೈ ಗುರ್ತು ಹಿಡಕೊಂಡು.

ಹ್ವಾದ ವರ್ಷ ಆಷಾಢ. ಮೂವತ್ತೊಂದನೇ ಸಾಲು, ಕಿಡಕಿ ಸೀಟು:
ಬಲದ ಮ್ಯಾಗ ಎಡ.
ಎಡಚಿ!
ಎಡಗೈಲೆ ಉಂಡದ್ದಕ್ಕ ಅವ್ವನ ಕೈಲೆ ಬರಿ ತಿಂದಾಕಿ,
ಬರಿ ಮಾದ ಮ್ಯಾಲೂ ಎಡಗೈಲೇ ರೊಟ್ಟಿ ಬಡದಾಕಿ,
ನನ್ನ ತಂಗಿ ಬಂಗಾರೆವ್ವ.
ವಾಸ್ಕೋದ ಬೈನಾದಾಗ ಖೋಲಿ,
ದಾಬೋಳಿ ಇಮಾನದಾಗ ಇದ ಕಸಬರಿಗಿ.
ಒಂದು ಬೋರಮಾಳದ ಸಲುವಾಗಿ
ನಾಕು ವರ್ಷ ಆತು ನಾವು ಮಾತು ಬಿಟ್ಟು.
ಎಡಚ್ಯಾರು ಊರಿಗಿಬ್ಬರು ಇರತಾರ ಬಾಯಿ, ಅಂದಳು ಕೂಡ ದುಡಿಯಾಕಿ.
ಇರತಾರ. ನಾ ಎಲ್ಲಿ ಇಲ್ಲ ಅಂದೆ?

ಗಾಳ್ಯಾಗಿನ ದಾರಿ ನಾನೂರಾ ಚಿಲ್ಲರ ಕಿಲೋಮೀಟರು.
ಮ್ಯಾಗ ಇರೂದು ಐವತ್ತ ನಿಮಿಷ,
ಹುಡುಗ್ಯಾರು ಚಾ ಮಾರಿ ಮುಗಿಸೂದರಾಗ ಕೆಳಗ.
ಕಲ್ವಾದಿಂದ ನಾ ಇಲ್ಲಿ ಮುಟ್ಟಾಕ ಅದರ ಎರಡು ಪಟ್ಟು ಬೇಕು,
ಲೋಕಲ್ಲು, ಘಾಟಕೋಪರಿನಾಗ ಮೆಟ್ರೋ, ಉಳದದ್ದು ಕಾಲು.
ಬಸ್ಸಿಗಾದರ ಇಡೀ ರಾತ್ರಿ.
ಫೋನಿಗಾದರ ಹತ್ತು ಅಂಕಿ.
ನಾ ಒಂಬತ್ತು ಒತ್ತತೀನಿ.

ಒಮ್ಮೊಮ್ಮೆ ಐವತ್ತು ನಿಮಿಷಕ್ಕ ಬಂದದ್ದು
ಇಳ್ಯಾಕ ಜಾಗಾ ಸಿಗದ
ಪನವೇಲ ಮ್ಯಾಗ ಮುಕ್ಕಾಲು ತಾಸು ಸುತ್ತತೈತಿ.
ಊರು ಕಾಣಸತೈತಿ, ನೆಲ ಇಲ್ಲ.
ಬಿಸಲಾಗ ಕುಂತು ಉಳದಾರು ಬೈತಾರ ಅದನ್ನ.
ನಾ ಬೈಯಂಗಿಲ್ಲ.

ಡಿಸೆಂಬರಿನಾಗ ಸುದ್ದಿ ಇಲ್ಲ, ತುಂಬಿ ಬರತಾವ.
ಮಳಿಗಾಲ ಛಲೋ.
ಈ ಸಲ ಒಂದು ದಿನ ಏಳು ಸೀಟು ಖಾಲಿ,
ಏಳೂ ಅಕೀವು.
ಬಿಚ್ಚಾಕ ಮನಸಾಗಲಿಲ್ಲ, ನಿಂತೆ,
ಸಾಲ್ಡಾನಾ ಬಂದು ಗಡಿಯಾರ ತೋರಿಸಿದ.

ಇವತ್ತ ಅದ ಇಮಾನ ಮೂರೂವರಿಗೆ ತಿರುಗಿ ಹೊಂಟೈತಿ.
ಕಡೀ ಸಾಲಿನಾಗ ನಿಂತು
ಬಾರದ ಕೈಲೆ, ಸೊಟ್ಟಸೊಟ್ಟ,
ಬಲದ ಮ್ಯಾಗ ಎಡ ಹಾಕಿದೆ.
ಯಾರೂ ಕುಂಡರದಿರಲಿ ಅಲ್ಲಿ.
ಕಿಡಕಿ ಬೇಕಂದವರಿಗೆ ಮುಂದಿನ ಸಾಲಿನಾಗ ಸಿಗಲಿ.

ಇಳದು ಬಂದು ಬೂಟು ಬಿಚ್ಚಿ ಜಾಡಿಸಿದೆ.
ಒಂದು ಚಿಟಿಗಿ ಉಸುಕು.