ನದಾಫರ ಡಬ್ಬಿ

ಬೆಟಗೇರಿ ನೇಕಾರರ ಸೊಸೈಟಿ ಹಾಲಿನಾಗ
ಸಂಜಿ ಐದಕ್ಕ ನಾವು ವಾಯರ್ ಬಿಚ್ಚಿ ಹಾಸಿದ್ವಿ.
ಸ್ಟೇಜಿನ ಮ್ಯಾಲೆ ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ,
ಮತ್ತ ತನ್ನನ್ನ ತಂಬೂರಿ ಅಂತ ಕರಕೊಳ್ಳೋ
ರೇಡಿಯೋದಂಥಾ ಒಂದು ಪೆಟ್ಟಿಗಿ.
ಅದನ್ನ ನಾನು ನೇರ ಮಿಕ್ಸರಿಗೆ ಚುಚ್ಚಿದೆ,
ನೂರಾ ಇಪ್ಪತ್ತು ಫೂಟು.
ಹೊಸಬ ನಾನು. ವಾಯರ್ ಅಂದ್ರ ವಾಯರ್ ಅಂದುಕೊಂಡಿದ್ದೆ.

ಕಸ್ತೂರಿಬಾಯಿ ಹೊಂಬಳ ಅವರು ಕೂತರು,
ಕರಿ ನಾಲ್ಕರ ಸಾ ಹಚ್ಚಿದರು, ಅರ್ಧಕ್ಕ ಬಿಟ್ಟು
ಕನ್ನಡಕದ ಮ್ಯಾಲಿಂದ ನನ್ನ ನೋಡಿದರು.
"ತಮ್ಮಾ, ಕೆಳಗ ಇನ್ನೊಬ್ರು ಯಾರೋ ಹಾಡಾಕತ್ತಾರಲ್ಲ?
ಬಿಳಿ ಐದೂ ಅಲ್ಲ, ಕರಿ ನಾಲ್ಕೂ ಅಲ್ಲ,
ಎರಡರ ಸಂದಿನಾಗ ಕೂತಾರ. ಯಾರವರು?"

ಆಗ ನನಗೂ ಕೇಳಿಸ್ತು, ಗುಂಯ್.
ಹೆಸ್ಕಾಂನವರ ಷಡ್ಜ.
ಸೆಕೆಂಡಿಗೆ ಐವತ್ತು ಸಲ, ಉಸಿರು ತಗೊಳ್ಳದ,
ಊರಿನ ಮಗ್ಗ, ಮಿಕ್ಸಿ, ಟ್ಯೂಬ್‌ಲೈಟು ಎಲ್ಲಾ
ಒಂದೇ ಬಾಯಿಲೆ ಹಾಡಿದಂಗ.

ಹಜರೇಸಾಬ ನದಾಫರು ಚಾದ ಕಪ್ಪು ಕೆಳಗಿಟ್ಟು ಎದ್ದರು.
ಬೈಲಿಲ್ಲ.
ಚೀಲದೊಳಗಿನ ಹತ್ತಿ ಸರಿಸಿ ಹೊರಗ ತಗದದ್ದು
ತಂಬಾಕದ ಡಬ್ಬಿಗಿಂತ ಚೂರು ದೊಡ್ಡದು,
ಕಬ್ಬಿಣದ್ದು, ಮೂಲಿಗೆ ಬಣ್ಣ ಹೋದದ್ದು.
ಪೆಟ್ಟಿಗಿ ಮಗ್ಗಲಕ್ಕ ಇಟ್ಟು
ಈ ಕಡಿಂದ ಮೊಳದುದ್ದ ವಾಯರ್ ಕೊಟ್ಟು
ಆ ಕಡಿಗೆ ಮೂರು ಪಿನ್ನಿನ ಉದ್ದಂದು ಹಚ್ಚಿದರು.

"ಇದರ ದನಿ ಸಣ್ಣ ಜೀವದ್ದೋ, ದೂರ ನಡಿಯೂದಿಲ್ಲ,
ದಾರ್ಯಾಗ ಸಿಕ್ಕಿದ್ದೆಲ್ಲಾ ಮೈಗೆ ಹಚ್ಚಿಕೊಂಡು ಬರ್ತದ.
ಈ ಡಬ್ಬಿ ಒಂದ ಮಾತನ್ನ ಇಬ್ಬರ ಕೈಯಾಗ ಕಳಿಸ್ತದ,
ಒಬ್ಬಂಗ ಇದ್ದದ್ದು ಇದ್ದಂಗ, ಇನ್ನೊಬ್ಬಂಗ ತಿರುವಿ ಹಾಕಿ.
ಟಾಂಗಾಕೂಟದ ಗದ್ದಲದಾಗ ಇಬ್ಬರೂ ಹೆಗಲ ಹಚ್ಚಿ ಬರ್ತಾರ,
ಇಬ್ಬರಿಗೂ ಸರಿಸಮ ಧೂಳು.
ಇತ್ತ ಮಿಕ್ಸರು ತಿರುವಿದ್ದನ್ನ ಮತ್ತ ತಿರುವತದ.
ಮಾತಿಗೆ ಮಾತು ಕೂಡ್ತದ.
ಧೂಳಿಗೆ ಧೂಳು ವಜಾ."

ಆದ್ರೂ ಎಳಿಯಷ್ಟು ಗುಂಯ್ ಉಳದಿತ್ತು.
ಡಬ್ಬಿ ಹೊಟ್ಟಿಮ್ಯಾಲೆ ಒಂದು ಸ್ವಿಚ್ಚು,
ಬರದದ್ದು ಅಳಿಸಿ 'ಗ್ರೌ' ಅಂತಷ್ಟ ಇತ್ತು.
ಹೆಬ್ಬಟ್ಟಿಲೆ ಒತ್ತಿದರು.
ಎಷ್ಟು ನಿಶ್ಶಬ್ದ ಆತು ಅಂದ್ರ
ಹಿಂದಿನ ಸಾಲಿನಾಗ ಯಾರೋ ಶೇಂಗಾ ಸುಲಿಯೂದು ಕೇಳಿಸ್ತು.

ನಾನು ಶಾಣ್ಯಾನಂಗ ಅಂದೆ,
"ಪ್ಲಗ್ಗಿನ ಮೂರನೇ ಪಿನ್ನು ಮುರದಿದ್ರ ಸಾಕಿತ್ತಲ್ರಿ,
ಮಂದಿ ಹಂಗ ಮಾಡ್ತಾರ."
ಬಲಗೈ ನನ್ನ ಮಾರಿಮುಂದ ಹಿಡದರು.
ಮುಷ್ಟಿ ಕಟ್ಟಿದರು. ಎರಡು ಬೆರಳು ಮಡಚಲಿಲ್ಲ.
"ಅಣ್ಣಿಗೇರಿ ಮದುವಿ. ಹಸಿ ನೆಲ.
ಅವತ್ತ ನಾನೂ ಹಿಂಗ ಅಂದಿದ್ದೆ."
ಮತ್ತ, ಸ್ವಲ್ಪ ಹೊತ್ತಿನ ಮ್ಯಾಲೆ,
"ಮಣ್ಣಿನಿಂದ ದನೀನ ಬಿಡಿಸಬಹುದು.
ಮನಶ್ಯಾನ್ನ ಬಿಡಿಸಬಾರದು."

ಅವರಪ್ಪ ಹತ್ತಿ ಹಿಂಜತಿದ್ದರಂತ.
ಬಾಗಲಾಗ ಬಿಲ್ಲು ತೂಗಬಿಟ್ಟು
ನರಕ್ಕ ಕಟಗೀಲೆ ಹೊಡದ್ರ ಟೊಂಯ್, ಟೊಂಯ್,
ಹತ್ತಿ ಮ್ಯಾಲೆ ಹಾರೂದು, ಕಸ ಕೆಳಗ ಬೀಳೂದು.
ಇದೂ ಅದ ಕೆಲಸ ಅಲ್ಲೇನ್ರಿ, ಅನ್ನಾಕ ಬಾಯಿ ತಗದೆ.
ಅಷ್ಟರಾಗ ಕಸ್ತೂರಿಬಾಯಿ ಮತ್ತ ಸಾ ಹಚ್ಚಿದರು.
ಕರಿ ನಾಲ್ಕು, ಕರಿ ನಾಲ್ಕೇ.
ಇಡೀ ಸಭಾದಾಗ ಡಬ್ಬಿ ಕಡೆ ಯಾರೂ ನೋಡಲಿಲ್ಲ.

ರಾತ್ರಿ ಅದನ್ನ ಹತ್ಯಾಗ ಸುತ್ತಿ ಇಟ್ಟು ಮನಿಗೆ ಬಂದೆ.
ಬಾಜೂಕಿನ ಮಗ್ಗ ನಿಂತಿತ್ತು. ಅವ್ವ ಮಲಗಿದ್ದಳು.
ಅಡಗಿಮನ್ಯಾಗ ಫ್ರಿಜ್ಜು
ಬಿಳಿ ಐದಕ್ಕೂ ಕರಿ ನಾಲ್ಕಕ್ಕೂ ನಡುವ
ಒಬ್ಬಂಟಿ ಹಾಡಾಕತ್ತಿತ್ತು.
ಹನ್ನೆರಡು ವರ್ಷದಿಂದ ಹಾಡತಿತ್ತು, ಕಾಣಸ್ತದ.